ಮೊರದ ಮೇಲೆ ಹಾಕಿದ ಸಹಿ

ಇಪ್ಪತ್ತೆಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಒಂದೇ ಮಾತು ಹೇಳಿಕೊಂಡು ಬಂದವಳು ನಾನು: ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ. ಅದೇ ನಾನು ಅಪ್ಪನ ತಿಥಿಯ ದಿನ, ಪೂರ್ತಿ ಹಾಗಿರಲಿ, ಒಂದು ಸಾಲನ್ನೂ ಓದದೆ ಸಹಿ ಹಾಕಿದೆ. ಅಣ್ಣನ ಮೇಲೆ ನನಗೆಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನೇನೋ ದೊಡ್ಡ ನ್ಯಾಯವಂತೆ ಎಂದು ಯಾರೂ ತಿಳಿಯುವುದು ಬೇಡ.

ನಮ್ಮ ಬಂಧುಬಳಗದಲ್ಲಿ ಇದೊಂದು ಪದ್ಧತಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿನಲ್ಲಿ ಒಟ್ಟಿಗೆ ಸಿಗುವುದು ತಿಥಿಯ ದಿನವೇ. ಮಾರನೇ ದಿನ ಎಲ್ಲರೂ ಬಸ್ಸು ಹತ್ತಿಬಿಡುತ್ತಾರೆ, ಹಾಗಾಗಿ ಕಾಗದಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ಅವತ್ತೇ. ಅತ್ತು ಕಣ್ಣು ಊದಿರುತ್ತದೆ, ಕೈಯಲ್ಲಿ ಸೌಟಿರುತ್ತದೆ, ಹೊರಗೆ ಪಂಕ್ತಿ ಕೂತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಕಾಗದ ಬರುತ್ತದೆ. ಓದಲು ಕನ್ನಡಕ ಕೇಳಿದವಳು ಒಡಹುಟ್ಟಿದವನನ್ನೇ ನಂಬದವಳು. ನನ್ನ ಸೋದರತ್ತೆಯೂ ಹೀಗೇ ಹೆಬ್ಬೆಟ್ಟು ಒತ್ತಿದ್ದಳು. ಒತ್ತಿಸಿಕೊಂಡವನು ನಮ್ಮಪ್ಪನೇ.

ನಾನು ಹಿತ್ತಲಲ್ಲಿ ಕೂತು ಕಾಯಿ ತುರಿಯುತ್ತಿದ್ದೆ. ಅಣ್ಣ ಬಂದ.

"ಪೌತಿ ಖಾತೆಗೆ ಕಣವ್ವ. ಅಪ್ಪನ ಹೆಸ್ರಲ್ಲಿರೋ ತೋಟ ನಮ್ ಹೆಸ್ರಿಗೆ ಮಾಡುಸ್ಬೇಕಲ್ಲ. ಒಂದ್ ಸಹಿ ಹಾಕ್ಬುಡು, ಪಂಕ್ತಿಗೆ ತಡ ಆಯ್ತದೆ."

ಸೆರಗಿಗೆ ಕೈ ಒರೆಸಿಕೊಂಡೆ. ಅಣ್ಣ ಮೊರವನ್ನು ಬೋರಲು ಹಾಕಿ ಅದರ ಮೇಲೆ ಕಾಗದ ಇಟ್ಟ. ಬಿದಿರಿನ ಹೆಣಿಗೆಗೆ ಪೆನ್ನು ಎಡವಿ ಸಹಿ ಡೊಂಕಾಯಿತು. "ಇರ್ಲಿ ಬುಡು" ಎಂದು ತೆಗೆದುಕೊಂಡು ಹೋದ. ನಾನು ಮತ್ತೆ ಕಾಯಿ ತುರಿಯತೊಡಗಿದೆ.

ನಾವು ಮೂವರು ಮಕ್ಕಳು: ಅಣ್ಣ, ನಾನು, ತಂಗಿ. ತಂಗಿ ಅಪ್ಪನಿಗಿಂತ ನಾಲ್ಕು ವರ್ಷ ಮೊದಲೇ ಹೋದಳು. ಅವಳಿಗೆ ಒಬ್ಬಳೇ ಮಗಳು. ವರ್ಷ ತುಂಬುವುದರೊಳಗೆ ತಂಗಿಯ ಗಂಡ ಇನ್ನೊಂದು ಮದುವೆಯಾಗಿ ದಬ್ಬೇಘಟ್ಟದ ಕಡೆ ಸಂಸಾರ ಹೂಡಿದ. ಹುಡುಗಿ ತಿಪಟೂರಿನಲ್ಲಿ ನನ್ನ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ಈಗ ಒಂಬತ್ತನೇ ತರಗತಿ.

ತಿಥಿಯಾಗಿ ಎರಡು ತಿಂಗಳಿಗೆ ಅಣ್ಣ ಆ ಕಾಗದಗಳ ಫೋಟೋ ಕಳಿಸಿದ, ಖಾತೆ ಕೆಲಸ ನಡೆಯುತ್ತಿದೆ ಎಂದು. ನಾನು ಸೊಪ್ಪು ಬಿಡಿಸುತ್ತಿದ್ದೆ. ಏನಿದೆ ಓದೇ ಎಂದು ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ವಂಶವೃಕ್ಷ ಎಂದು ಓದಿದಳು. ಅಜ್ಜನ ಹೆಸರು, ಕೆಳಗೆ ಮಾವನ ಹೆಸರು, ನನ್ನ ಹೆಸರು. ಆಮೇಲೆ ಬೆರಳಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿದಳು.

"ದೊಡ್ಡಮ್ಮ, ಸಂತಾನ ಅಂದ್ರೆ ಮಕ್ಕಳು ಅಲ್ವಾ?"

"ಹೂಂ, ಯಾಕೆ?"

"ಅಮ್ಮನ ಹೆಸರಿನ ಮುಂದೆ 'ಸಂತಾನವಿಲ್ಲದೆ ಮೃತ' ಅಂತ ಐತೆ."

ಫೋನು ಕಿತ್ತುಕೊಂಡೆ. ಅಕ್ಷರ ಅಕ್ಷರವೂ ಹಾಗೇ ಇತ್ತು. ಕೆಳಗೆ ನನ್ನ ಡೊಂಕು ಸಹಿ. ಹುಡುಗಿಗೆ ಆ ಸಹಿ ಚೆನ್ನಾಗಿ ಗೊತ್ತು. ನಾಲ್ಕು ವರ್ಷದಿಂದ ಅವಳ ಪ್ರೋಗ್ರೆಸ್ ಕಾರ್ಡಿನಲ್ಲಿ 'ಪೋಷಕರ ಸಹಿ' ಎನ್ನುವ ಜಾಗದಲ್ಲಿ ಇರುವುದು ಅದೇ. ಅವಳು ಎದ್ದು ಹೋಗಿ ಹೋಂವರ್ಕ್ ಮುಂದಿಟ್ಟುಕೊಂಡು ಕೂತಳು. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಭಾನುವಾರ ಬೆಳಿಗ್ಗೆಯೇ ಊರಿಗೆ ಹೋದೆ. ಅಣ್ಣ ಅಟ್ಟದ ಮೇಲಿದ್ದ. ಹೋದ ವರ್ಷ ಅಪ್ಪ ಅಟ್ಟಕ್ಕೇರಿಸಿದ್ದ ಕಾಯಿಗಳು ಒಣಗಿ ಕೊಬ್ಬರಿಯಾಗಿದ್ದವು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಎಂದದ್ದನ್ನು ಕೆಳಕ್ಕೆ ಹಾಕುತ್ತಿದ್ದ. ನನ್ನ ಎದೆಯೊಳಗಿನ ಸಿಟ್ಟೂ ಹಾಗೇ ಬಿಡಿಸಿಕೊಂಡು ಗಟಗಟ ಎನ್ನುತ್ತಿತ್ತು.

"ನಮ್ ತಂಗಿಗೆ ಮಕ್ಕಳಿಲ್ವೇನಣ್ಣ?" ಎಂದೆ.

ಅವನು ಇಳಿದು ಬಂದು ನಿಧಾನಕ್ಕೆ ಮೈಮೇಲಿನ ದೂಳು ಕೊಡವಿಕೊಂಡ. "ಅವಳಪ್ಪನೇ ಬರ್ಕೊಟ್ಟವ್ನೆ, ಮಗೀಗೆ ಏನೂ ಬ್ಯಾಡ ಅಂತ. ಗಾರ್ಡಿಯನ್ನು ಅವ್ನು. ಮಧ್ಯದಲ್ಲಿ ನಿಂದೇನು?"

"ಇಲ್ಲದ ಮಗಳ ಪರವಾಗಿ ಅವನು ಹೆಂಗೆ ಬರ್ಕೊಟ್ಟ? ಅವಳು ಇದ್ದಾಳೆ ಅನ್ನೋಕೆ ಒಂದು ಕಾಗದ, ಇಲ್ಲ ಅನ್ನೋಕೆ ಒಂದು ಕಾಗದ. ಎರಡೂ ನಿನ್ನ ಪೆಟ್ಟಿಗೇಲೇ ಐತಲ್ಲ!"

ಸಿಕ್ಕಿಬಿದ್ದ ಅಣ್ಣಂದಿರೆಲ್ಲ ಕೊನೆಗೆ ಆಡುವ ಮಾತನ್ನೇ ಆಡಿದ. "ತವರು ಬೇಕೋ, ಭಾಗ ಬೇಕೋ, ನೀನೇ ಯೋಚ್ನೆ ಮಾಡ್ಕೊ. ಗೌರಿ ಹಬ್ಬಕ್ಕೆ ಬಾಗಿನ ತರೋನು ನಾನೇ ಕಣವ್ವ."

ನನ್ನ ಭಾಗವನ್ನು ನಾನು ಬಿಟ್ಟುಕೊಡಲು ತಯಾರಾಗಿಯೇ ಇದ್ದೆ. ಅದು ನನ್ನದು, ಇಟ್ಟುಕೊಂಡೇನು, ಬಿಟ್ಟೇನು. ಆದರೆ ಆ ಹುಡುಗಿಯದನ್ನು ಬಿಡಲು ನಾನು ಯಾರು? ಅವನು ಯಾರು? ಒಂದು ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿ ಕೊಡುವ ಬಾಗಿನ ತೋರಿಸಿ ಹೆಣ್ಣುಮಗುವಿನ ತೋಟ ನುಂಗುವವನಿಗೆ ಗೌರಿಯ ಹೆಸರೆತ್ತಲು ನಾಚಿಕೆಯೂ ಇಲ್ಲ. ಕಾಫಿ ಕುಡಿಯದೆ ಬಂದೆ.

ತಿಪಟೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಕೀಲೆ. ಫೋನಿನಲ್ಲಿದ್ದ ಕಾಗದಗಳನ್ನೆಲ್ಲ ಪ್ರಿಂಟ್ ಹಾಕಿಸಿ ಅವಳ ಮೇಜಿನ ಮೇಲೆ ಹರಡಿದೆ.

"ಉಯಿಲಿಲ್ಲ ಅಂದ್ಮೇಲೆ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಟೀಚರ್. ಮಗಳು ತೀರ್ಕೊಂಡಿದ್ರೆ ಅವಳ ಪಾಲು ಅವಳ ಮಕ್ಕಳಿಗೆ. ಅಪ್ಪ ಗಾರ್ಡಿಯನ್ ಹೌದು. ಆದ್ರೆ ಮೈನರ್ ಆಸ್ತೀನ ಕೋರ್ಟ್ ಒಪ್ಪಿಗೆ ಇಲ್ದೆ ಬಿಟ್ಟುಕೊಡೋಕೆ ಅವರಿಗೂ ಅಧಿಕಾರ ಇಲ್ಲ. ಗಾರ್ಡಿಯನ್ ಇರೋದು ಕಾಯೋಕೆ, ಕಳೆಯೋಕಲ್ಲ."

"ಈಗೇನು ಮಾಡ್ಬೇಕು?"

"ಖಾತೆ ಆಗೋ ಮುಂಚೆ ತಕರಾರು ಅರ್ಜಿ ಕೊಡಿ." ಅವಳು ಸ್ವಲ್ಪ ಸಂಕೋಚಪಟ್ಟಳು. "ಸುಳ್ಳಿನ ಕೆಳಗೆ ನಿಮ್ಮ ಸಹಿಯೂ ಇದೆ ಟೀಚರ್. ಓದದೆ ಹಾಕಿದೆ ಅಂತ ನೀವೇ ಬರೀಬೇಕಾಗುತ್ತೆ."

ಸುದ್ದಿ ತಿಳಿದು ಆ ವಾರವೆಲ್ಲ ಬಂಧುಗಳ ಫೋನೋ ಫೋನು. ಹಾಕಿದ ಸಹಿ ಹಿಂದಕ್ಕೆ ತಗೊಳ್ಳೋದುಂಟಾ, ಅಣ್ಣನ ಮಾನ ಏನಾಗಬೇಕು, ಎಂದು ಎಲ್ಲರದೂ ಒಂದೇ ರಾಗ. ಹುಡುಗಿಯ ಮಾನದ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಸೋದರತ್ತೆ ಕೂಡ ಮಾಡಿದಳು. "ನಾವೂ ಬುಟ್ಟುಕೊಟ್ವಲ್ಲವ್ವ, ನಿಮ್ಮಪ್ಪನ್ನ ಏನಾರ ಕೇಳಿದ್ವಾ?"

"ಕೇಳ್ಬೇಕಿತ್ತು ಕಣತ್ತೆ" ಎಂದೆ. ಅತ್ತೆ ಫೋನು ಇಟ್ಟಳು.

ಅರ್ಜಿ ಕೊಡುವ ದಿನ ಹುಡುಗಿಗೆ ಶಾಲೆಗೆ ರಜೆ ಹಾಕಿಸಿ ಜೊತೆಗೆ ಕರೆದುಕೊಂಡು ಹೋದೆ. ನಾಡಕಚೇರಿಯ ಕಿಟಕಿಯ ಮುಂದೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಒಳಗಿದ್ದವರು ಹಳೆಯ ಕಾಗದ ನೋಡಿ, "ಇದ್ರಲ್ಲಿರೋ ಸಹಿ ನಿಮ್ದೇ ಅಲ್ವೇನ್ರೀ?" ಎಂದರು.

"ನಂದೇ. ಓದದೆ ಹಾಕಿದ್ದು. ಅದನ್ನೇ ಇದರಲ್ಲಿ ಬರೆದಿದ್ದೀನಿ" ಎಂದು ಅರ್ಜಿ ತೆಗೆದೆ. ಪೆನ್ನು ಹಿಡಿದವಳು ತಡೆದೆ. ಕಾಗದವನ್ನು ಹುಡುಗಿಯ ಕೈಗೆ ಕೊಟ್ಟೆ. "ನೀನು ಓದು. ನೀನು ಓದೋವರೆಗೂ ನಾನು ಸಹಿ ಹಾಕಲ್ಲ."

ಅವಳು ಮೆಲ್ಲಗೆ ಓದುತ್ತ ಹೋದಳು. ಮಧ್ಯದಲ್ಲಿ ಒಂದು ಸಾಲಿಗೆ ಬಂದು ಅದರ ಮೇಲೆ ಬೆರಳಿಟ್ಟು ನಿಂತಳು.

"ಬೇಗ ಕೊಡ್ರಮ್ಮ, ಹಿಂದೆ ಜನ ನಿಂತವ್ರೆ" ಎಂದರು ಕಿಟಕಿಯವರು.

"ನಿಂತ್ಕೊಳ್ಳಲಿ" ಎಂದೆ. "ಜೋರಾಗಿ ಓದೇ. ಅವರಿಗೂ ಕೇಳಲಿ."

ಅವಳು ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ನನ್ನ ದಿವಂಗತ ತಂಗಿಗೆ ಒಬ್ಬಳು ಮಗಳಿದ್ದಾಳೆ" ಎಂದು ಇಡೀ ಸಾಲಿಗೆ ಕೇಳುವಂತೆ ಓದಿದಳು. ನಾನು ಸಹಿ ಹಾಕಿದೆ.