ಬಾಯಿ ಬಿಟ್ಟ ಗೋಡೆ

ಬೀದಿಯವರೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಮನೆಗಳ ಒಳಗನ್ನು ಅಂದಗೊಳಿಸುವುದು ಅವಳ ಕಸುಬು. ಗಿರಾಕಿಗಳ ಮನೆಗೆ ಕಾಲಿಟ್ಟರೆ ಮೊದಲು ಕೇಳುತ್ತಿದ್ದದ್ದು, "ಚಪ್ಪಲಿ ಎಲ್ಲಿ ಬಿಡ್ತೀರಿ? ಒದ್ದೆ ಟವೆಲ್ ಎಲ್ಲಿ ಹಾಕ್ತೀರಿ?" ಎಂದು. ಹೊಸ ಸೋಫಾ ಬೇಕೆಂದವರಿಗೆ ಹಳೆಯದಕ್ಕೇ ಬೇರೆ ಬಟ್ಟೆ ಹೊಲಿಸಿ ಕೊಡುತ್ತಿದ್ದಳು. "ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮನೆ ಇರೋದು ನಿಮಗೆ, ಫೋಟೋಕ್ಕಲ್ಲ," ಎನ್ನುತ್ತಿದ್ದಳು.

ಅವಳ ಸ್ವಂತ ಮನೆಯನ್ನು ನೋಡಲೆಂದೇ ಜನ ಬರುತ್ತಿದ್ದರು. ಅಡುಗೆಮನೆಗೆ ನಿಂಬೆ ಹಳದಿ, ನಡುಮನೆಗೆ ಕಡುನೀಲಿ, ಮೆಟ್ಟಿಲು ಒಂದೊಂದಕ್ಕೆ ಒಂದೊಂದು ಬಣ್ಣ. ಎಲ್ಲವೂ ಬೇರೆಯವರ ಮನೆಯ ಕೆಲಸದಲ್ಲಿ ಡಬ್ಬದ ತಳಕ್ಕುಳಿದದ್ದು. ಅತ್ತೆಯ ಕೋಣೆಗೆ ಮಾತ್ರ ಹೊಸ ಡಬ್ಬ ಒಡೆದು ಕೆಂಪು ಬಳಿದಿದ್ದಳು. ಪೊರೆ ಬಂದ ಆ ಕಣ್ಣಿಗೆ ಇನ್ನೂ ಕಾಣುತ್ತಿದ್ದ ಬಣ್ಣ ಅದೊಂದೇ.

ಪಕ್ಕದ ಮನೆ ಕೆಡವಿದರು. ದೊಡ್ಡ ಕಟ್ಟಡದ ನೆಲಮಾಳಿಗೆಗೆಂದು ಅಗೆತ ಶುರುವಾಯಿತು. ಯಂತ್ರ ಗುದ್ದಿದಾಗಲೆಲ್ಲ ಇವರ ಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆಮೇಲೆ ಅತ್ತೆಯ ಕೋಣೆಯ ಬಾಗಿಲು ಕಚ್ಚಿಕೊಳ್ಳತೊಡಗಿತು. ಕಿಟಕಿಯ ಮೂಲೆಯಿಂದ ಕೂದಲೆಳೆಯಷ್ಟು ಬಿರುಕೊಂದು ಹೊರಟು ಮಂಚದ ತಲೆಯ ಕಡೆಗೆ ಇಳಿಯಿತು.

ಬಣ್ಣದಕ್ಕ ಗುಂಡಿಯ ಹತ್ತಿರ ಹೋಗಿ ಮೇಸ್ತ್ರಿಯನ್ನು ಕೇಳಿದಳು.

"ನಿಮ್ಮದು ಹಳೇ ಮನೆ ಅಮ್ಮಾ. ಬಿರುಕು ಬಿಡೋದೇ," ಎಂದ ಅವನು.

"ತಡೆಗೋಡೆ ಯಾವಾಗ ಕಟ್ತೀರಿ?"

"ಬರೋ ವಾರ."

ಬರುವ ವಾರ ಬಂತು, ಹೋಯಿತು. ಗುಂಡಿಯಲ್ಲಿ ನೀರು ನಿಂತಿತು.

ಬೇರೆಯವರ ಮನೆಯಾಗಿದ್ದರೆ ಅಂದೇ ಎಲ್ಲರನ್ನೂ ಹೊರಡಿಸುತ್ತಿದ್ದಳು. ತನ್ನ ಮನೆ, ಮನಸ್ಸು ಬರಲಿಲ್ಲ. ಬಿರುಕಿಗೆ ಪುಟ್ಟಿ ಮೆತ್ತಿದಳು, ಉಜ್ಜಿದಳು, ಮೇಲೆ ಕೆಂಪು ಬಳಿದಳು. ಅದು ಮತ್ತೆ ಬಿರಿಯಿತು. ಅವಳು ಮತ್ತೆ ಮೆತ್ತಿದಳು. ಗಂಡ ಟೈಲರ್, ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು ನೋಡಿದ.

"ಬಟ್ಟೆ ಹರಿದ್ರೆ ತೇಪೆ ಹಾಕಬಹುದು. ಇಲ್ಲಿ ಹೊಲಿಗೆಯೇ ಬಿಟ್ಕೊಳ್ತಿದೆ ಕಣೇ."

"ಇನ್ನೊಂದು ಸಲ ನೋಡ್ತೀನಿ," ಎಂದಳು, ತಿರುಗದೆ.

ಅತ್ತೆಗೆ ಮಾತ್ರ ತಮಾಷೆ. "ಗೋಡೆಗೆ ಕಿವಿ ಇದೆ ಅಂತಿದ್ರು. ಈಗ ಬಾಯಿಯೂ ಬಂತು. ನಾನು ಮಲಗಿದ್ರೆ ಸಾಕು, ಗೊಣಗೋಕೆ ಶುರು ಮಾಡುತ್ತೆ." ಮೂವರೂ ನಕ್ಕರು. ಗಂಡ ಅಂಗಡಿಗೆ ಹೋದ ಮೇಲೆ ಅವಳು ಗೋಡೆಗೆ ಕಿವಿ ಹಚ್ಚಿದಳು. ಒಳಗೆ ಎಲ್ಲೋ ಮರಳು ಸಣ್ಣಗೆ ಇಳಿಯುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆಯ ದಿಂಬಿನ ಮೇಲೆ ಕೆಂಪು ಪುಡಿ ಉದುರಿತ್ತು. ಬಿಳಿಗೂದಲಿನಲ್ಲೂ ಇತ್ತು. ಬಣ್ಣದಕ್ಕ ಹೊದಿಕೆ ಸರಿಸಿದಳು.

"ಅತ್ತೆ, ಏಳಿ. ಹೊರಗೆ ಹೋಗೋಣ."

"ಇರು, ಬಟ್ಟೆ ಬದಲಿಸ್ಕೊಳ್ತೀನಿ."

"ಬೇಡ. ಹೀಗೇ ಬನ್ನಿ."

ಗುಂಡಿಯ ಎದುರಿಗೇ ಗಂಡನ ಅಂಗಡಿ. ಅತ್ತೆಯನ್ನು ಅಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದೇ ತಡ, ಮುದುಕಿ ತನ್ನ ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿಯಿತು, ಅದು ಬೇಕೆಂದು ಹಟ ಹಿಡಿದಳು. ತರಲೆಂದು ಸೊಸೆ ರಸ್ತೆಗಿಳಿದಳು. ಗಂಡ ಅಳತೆ ಟೇಪು ಕೊರಳಲ್ಲಿದ್ದಂತೆಯೇ ಓಡಿಬಂದು ರಟ್ಟೆ ಹಿಡಿದ. "ಅಲ್ಲಿಗೆ ಹೋಗ್ಬೇಡ," ಎಂದಷ್ಟೇ ಅಂದ. ಕೊಸರಿಕೊಂಡಳು, ಅವನು ಬಿಡಲಿಲ್ಲ. ಅಷ್ಟರಲ್ಲಿ ಯಂತ್ರ ನಿಂತಿತು. ಗುಂಡಿಯೊಳಗಿನ ಕೆಲಸದವರು ಆಚೆ ಬದಿಯ ಏಣಿಯ ಕಡೆಗೆ ಓಡುವುದು ಕಂಡಿತು. ಅತ್ತೆಯ ಕೋಣೆಯ ಗೋಡೆ ಅವಸರವಿಲ್ಲದೆ ಹೊರಕ್ಕೆ ವಾಲಿತು. ಆಮೇಲೆ ಧೂಳು.

ಧೂಳು ಇಳಿದಾಗ ಮನೆ ಒಂದು ಮಗ್ಗುಲಿಗೆ ತೆರೆದುಕೊಂಡಿತ್ತು. ಹಳದಿ, ನೀಲಿ, ಮೆಟ್ಟಿಲಿನ ಅಷ್ಟೂ ಬಣ್ಣ ಬೀದಿಗೆ ಬಿದ್ದಿತ್ತು. ಮಂಚ ಕಾಣಲಿಲ್ಲ. ಯಾರೋ ಫೋನೆತ್ತಿ ಫೋಟೋ ತೆಗೆಯುತ್ತಿದ್ದರು.

"ಅಲ್ಲೇನೋ ಕೆಂಪಗೆ ಕಾಣ್ತಿದೆಯಲ್ಲ, ಏನದು?" ಎಂದಳು ಅತ್ತೆ.

ಉಳಿದ ಮನೆಯನ್ನೂ ಕೆಡವಬೇಕಾಯಿತು. ಈಗ ಅವರಿರುವುದು ಬಾಡಿಗೆ ಮನೆಯಲ್ಲಿ. ಗೋಡೆಗಳು ಬಿಳಿಯಾಗಿಯೇ ಇವೆ. "ಒಂದಾದ್ರೂ ಬಳಿಯೇ," ಎಂದು ಗಂಡ ಹೇಳಿ ಸೋತ. ಮೆತ್ತಿದ ಕೈ ತನ್ನದೇ ಎಂಬುದು ಅವಳನ್ನು ಒಳಗೊಳಗೇ ಕೊರೆಯುತ್ತದೆ. ಸ್ವಲ್ಪ ತಡವಾಗಿದ್ದರೂ ಅತ್ತೆ ಅಲ್ಲೇ ಮಲಗಿರುತ್ತಿದ್ದಳು ಎಂಬ ಯೋಚನೆ ಕೆಲಸದ ನಡುವೆ ಬಂದರೆ, ಎಲ್ಲಿದ್ದರೂ ಕೂತುಬಿಡುತ್ತಾಳೆ.

ಮೊನ್ನೆ ಒಂದು ಎಳೆಯ ಜೋಡಿ ಮಗುವಿನ ಕೋಣೆಗೆ ಹಸಿರು ಬೇಕೆಂದು ಕರೆಸಿತ್ತು. ಅವಳು ಕಪಾಟನ್ನು ಒಂದಿಷ್ಟು ಸರಿಸಿ ಹಿಂದಿನ ಗೋಡೆ ನೋಡಿದಳು.

"ಅದೇನಿಲ್ಲ ಮೇಡಂ, ಸಣ್ಣ ಗೀರು. ಬಣ್ಣ ಹೊಡೆದ್ರೆ ಮುಚ್ಚಿಹೋಗುತ್ತಲ್ವಾ?" ಎಂದಳು ಹುಡುಗಿ.

ಬಣ್ಣದಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಪಕ್ಕದ ನಿವೇಶನದ ಸುತ್ತ ಅಗೆತಕ್ಕೆಂದು ಹೊಸ ತಗಡು ನಿಲ್ಲಿಸಿದ್ದರು.

"ಮಗುವಿನ ಮಂಚ ಇವತ್ತೇ ಆಚೆ ಕೋಣೆಗೆ ಹಾಕಿ," ಎಂದಳು.

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಕೆಲಸಕ್ಕೆ ಬೇರೆ ಯಾರನ್ನೋ ಕರೆಸಿದರೆಂದು ಆಮೇಲೆ ತಿಳಿಯಿತು.