ನೀಲಿ ಗಾಡಿ, ಬಿಳಿ ಗಾಡಿ

ಆಶ್‌ಬರ್ನ್‌ನಲ್ಲಿರುವ ನಮ್ಮ ಟೌನ್‌ಹೌಸಿನ ಗ್ಯಾರೇಜಿನಲ್ಲಿ ನನ್ನ ಬಿಳಿ ಪಿಕಪ್ ಟ್ರಕ್ ಹಿಡಿಸುವುದಿಲ್ಲ. ಮೂತಿ ಒಳಗೆ ಹೋದರೆ ಬಾಲ ಹೊರಗೆ. ಡ್ರೈವ್‌ವೇಯಲ್ಲಿ ಬಿಟ್ಟರೆ ಸೈಡ್‌ವಾಕಿನ ಮೇಲೆ ಎರಡಡಿ ಚಾಚಿಕೊಳ್ಳುತ್ತದೆ, ವಾರದೊಳಗೆ ಎಚ್‌ಒಎ ಎಂಬ ಬಡಾವಣೆ ಸಂಘದವರಿಂದ ಬಹಳ ವಿನಯದ ಬೈಗುಳದ ಪತ್ರ ಬರುತ್ತದೆ. ಹಾಗಾಗಿ ಅದು ಬೀದಿ ಕೊನೆಯ ಪಾರ್ಕಿಂಗಿನಲ್ಲಿ ನಿಲ್ಲುತ್ತದೆ. ಜನವರಿಯ ಬೆಳಗ್ಗೆ ಅದರ ಗಾಜಿನ ಮೇಲಿನ ಐಸ್ ಕೆರೆದು, ಮೂಗು ಕೆಂಪಗೆ ಮಾಡಿಕೊಂಡು ನಾನು ಒಳಗೆ ಬಂದಾಗ ಹೆಂಡತಿ ಕಾಫಿ ಲೋಟ ಕೈಗಿಡುತ್ತಾ ಒಂದೇ ಮಾತು ಹೇಳುತ್ತಾಳೆ.

"ಆ ನೀಲಿದು ತಗೊಂಡಿದ್ರೆ ಗ್ಯಾರೇಜಲ್ಲಿ ಬೆಚ್ಚಗಿರ್ತಿತ್ತು ಕಣ್ರೀ."

ಅವಳು ಹೇಳುವುದು ನಿಜ. ಮೂರು ಚಳಿಗಾಲದಿಂದ ನಾನು ಅದಕ್ಕೆ ಉತ್ತರ ಕೊಟ್ಟಿಲ್ಲ. ಈಗ ಬರೆಯಬಹುದು ಅನ್ನಿಸುತ್ತಿದೆ.

ಟ್ರಕ್ ಕೊಳ್ಳುವ ಮಾತು ಹುಟ್ಟಿದ್ದು ನಮ್ಮ ಕನ್ನಡ ಕೂಟದ ಟ್ರೇಲರಿನಿಂದ. ಹನ್ನೆರಡಡಿಯ ಮುಚ್ಚಿದ ಟ್ರೇಲರ್ ಅದು. ಅದರೊಳಗೆ ಮುನ್ನೂರು ಜನಕ್ಕೆ ಅಡುಗೆ ಮಾಡುವ ಸರಂಜಾಮು: ಕೊಪ್ಪರಿಗೆಗಳು, ಒಲೆಗಳು, ಆಳುದ್ದದ ಸೌಟುಗಳು, ಇಬ್ಬರು ಸೇರಿದರೂ ಎತ್ತಲಾಗದ ಕಲ್ಲಿನ ವೆಟ್ ಗ್ರೈಂಡರ್. ಯುಗಾದಿಗೆ, ಬೇಸಿಗೆಯ ಪಿಕ್‌ನಿಕ್ಕಿಗೆ, ರಾಜ್ಯೋತ್ಸವಕ್ಕೆ ಇದು ಬಂದರೇನೇ ಊಟ. ಅದನ್ನು ಇಪ್ಪತ್ತು ವರ್ಷ ಎಳೆದುಕೊಂಡು ಬಂದವರು ಸ್ಟರ್ಲಿಂಗ್‌ನ ಒಬ್ಬ ಅಂಕಲ್. ಮೈಸೂರಿನವರು, ಇಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಟ್ರೇಲರ್ ಅವರ ಮನೆಯ ಹಿತ್ತಲಲ್ಲೇ ನಿಲ್ಲುತ್ತಿತ್ತು.

ನಾನು ಅವರಿಗೆ ಹತ್ತಿರವಾದದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಎಲ್ಲರೂ ಮನೆಯೊಳಗೆ ಕೂತಿದ್ದ ವರ್ಷ. ಹಬ್ಬವಿಲ್ಲ, ಕೂಟವಿಲ್ಲ. ಆದರೆ ಅಂಕಲ್ ಪ್ರತಿ ಭಾನುವಾರ ಟ್ರೇಲರಿನ ಬಾಗಿಲು ತೆರೆದು, ಕೊಪ್ಪರಿಗೆಗಳನ್ನು ಹುಲ್ಲಿನ ಮೇಲೆ ಬೋರಲು ಹಾಕಿ ಬಿಸಿಲು ಕಾಯಿಸುತ್ತಿದ್ದರು. ಮನೆಯಲ್ಲಿ ಕೂತು ತಲೆ ಕೆಟ್ಟಿದ್ದ ನಾನು ಮಾಸ್ಕ್ ಹಾಕಿಕೊಂಡು ಹೋಗಿ ಸಹಾಯ ಮಾಡುತ್ತಿದ್ದೆ. ಆಂಟಿ ಕಾಫಿಯನ್ನು ಮೆಟ್ಟಿಲ ಮೇಲಿಟ್ಟು ಆರಡಿ ಹಿಂದೆ ಸರಿದು ನಿಲ್ಲುತ್ತಿದ್ದರು. ಆ ಕಾಫಿಯ ರುಚಿ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಒಂದು ದಿನ ಅಂಕಲ್, "ಸುಮ್ನೆ ನಿಂತು ಏನ್ ಮಾಡ್ತೀಯಯ್ಯಾ, ಬಾ, ರಿವರ್ಸ್ ಕಲಿಸ್ತೀನಿ" ಎಂದರು. ಬಾಗಿಲು ಮುಚ್ಚಿದ್ದ ಒಂದು ಆಫೀಸಿನ ಖಾಲಿ ಪಾರ್ಕಿಂಗ್ ಲಾಟಿಗೆ ಹೋದೆವು. ಅವರ ಹಳೇ ಹಸಿರು ಟ್ರಕ್, ಹಿಂದೆ ಟ್ರೇಲರ್. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ ಎಂಬುದು ನನ್ನ ಮಂಡೆಗೆ ಇಳಿಯಲು ನಾಲ್ಕು ಭಾನುವಾರ ಬೇಕಾಯಿತು. ಅಂಕಲ್ ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು, ನಾನು ಲೈಟ್ ಕಂಬಕ್ಕೆ ಗುರಿಯಿಟ್ಟಾಗಲೆಲ್ಲ "ಆ ಕಂಬ ನಿನಗೇನಯ್ಯಾ ಮಾಡಿದೆ!" ಎಂದು ಕೂಗುತ್ತಿದ್ದರು.

ರಿವರ್ಸಿಗಿಂತ ಮುಖ್ಯವಾದ ಪಾಠ ಇನ್ನೊಂದಿತ್ತು. ಭಾರವೆಲ್ಲ ಟ್ರೇಲರಿನ ಮುಂಭಾಗದಲ್ಲಿರಬೇಕು. ಹಿಂಭಾಗ ಭಾರವಾದರೆ ಟ್ರೇಲರ್ ಓಡುವಾಗ ಬಾಲ ಆಡಿಸುತ್ತದೆ, ಟ್ರಕ್ಕನ್ನೂ ಎಳೆದಾಡುತ್ತದೆ. ಅಡುಗೆಯವರ ಬುದ್ಧಿ ಇದಕ್ಕೆ ತದ್ವಿರುದ್ಧ. ಮೊದಲು ಬೇಕಾದದ್ದು ಬಾಗಿಲ ಹತ್ತಿರ ಇರಲಿ ಅನ್ನುತ್ತಾರೆ ಅವರು. ಇಪ್ಪತ್ತು ವರ್ಷ ಅಂಕಲ್ ಅವರೊಡನೆ ಜಗಳವಾಡಿ, ಬಾಗಿಲ ಹತ್ತಿರ ಕಾಫಿ ಡಬ್ಬಕ್ಕೆ ಮಾತ್ರ ಜಾಗ ಬಿಟ್ಟುಕೊಟ್ಟಿದ್ದರು.

ಕಾರ್ಯಕ್ರಮಗಳು ಮತ್ತೆ ಶುರುವಾಗಿ ಒಂದೆರಡು ವರ್ಷವಾದ ಮೇಲೆ ಅಂಕಲ್ ಡ್ರೈವಿಂಗ್ ಬಿಟ್ಟರು. ಕಣ್ಣು ಸಾಲದು ಎಂದರು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಬೇರೆ ವಿಷಯ ಹೇಳಿದರು. ದೇವಸ್ಥಾನದಿಂದ ವಾಪಸ್ ಬರುವಾಗ ಅಂಕಲ್ ದಾರಿ ತಪ್ಪಿ, ಇಪ್ಪತ್ತೈದು ವರ್ಷ ಓಡಾಡಿದ ರಸ್ತೆಯಲ್ಲಿ ಎರಡು ಗಂಟೆ ಸುತ್ತಿದ್ದರಂತೆ. ಹಸಿರು ಟ್ರಕ್ ಮಾರಿಹೋಯಿತು. ಟ್ರೇಲರ್ ಎಳೆಯಲು ನಾನು ಟ್ರಕ್ ಕೊಳ್ಳುತ್ತೇನೆ ಎಂದೆ.

"ಡ್ರೈವಿಂಗ್ ನಿಂದು, ಲೋಡಿಂಗ್ ನಂದು" ಎಂದರು ಅಂಕಲ್. "ಅದನ್ನೂ ಕಿತ್ಕೊಂಡ್ರೆ ನಾನು ಟಿವಿ ಮುಂದೆ ಕೂತು ಸಾಯ್ಬೇಕಷ್ಟೆ."

ಕಿತ್ತುಕೊಳ್ಳಲು ಜನ ತಯಾರಾಗಿಯೇ ಇದ್ದರು. ಕೂಟದ ಕಾರ್ಯದರ್ಶಿ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ಚುರುಕು ಮನುಷ್ಯ, ಕೆಟ್ಟವನಲ್ಲ. "ಅಂಕಲ್ ರೆಸ್ಟ್ ಮಾಡ್ಲಿ ಸರ್. ಲೋಡಿಂಗ್ ನಾವು ಯಂಗ್‌ಸ್ಟರ್ಸ್ ಮಾಡ್ತೀವಿ. ಒಂದು ಸಲ ಏನಾದ್ರೂ ಎಡವಟ್ಟಾದ್ರೆ ಯಾರು ರೆಸ್ಪಾನ್ಸಿಬಲ್?" ಎಂದು ಸಿಕ್ಕಿದಾಗಲೆಲ್ಲ ಹೇಳುತ್ತಿದ್ದ. ಆ ಒಂದು ಸಲಕ್ಕೇ ಅವನು ಕಾಯುತ್ತಿದ್ದಾನೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ನೋಡಿ ನೋಡಿ ಕೊನೆಗೆ ಎರಡು ಸೆಕೆಂಡ್ ಹ್ಯಾಂಡ್ ಗಾಡಿಗಳು ಉಳಿದವು. ಬಿಳಿಯದು ಉದ್ದ, ಹಿಂದಿನ ತೊಟ್ಟಿಯೇ ಎಂಟಡಿ. ಬೆಟ್ಟ ಕಟ್ಟಿದರೂ ಎಳೆಯುತ್ತದೆ, ಆದರೆ ಖಾಲಿ ಓಡಿಸಿದರೆ ರಸ್ತೆಯ ಒಂದೊಂದು ಹಳ್ಳವನ್ನೂ ಬೆನ್ನುಮೂಳೆಗೆ ವರದಿ ಮಾಡುತ್ತದೆ. ನೀಲಿಯದು ಸ್ವಲ್ಪ ಗಿಡ್ಡ. ನಮ್ಮ ಗ್ಯಾರೇಜಿನಲ್ಲಿ ನಾಲ್ಕು ಬೆರಳು ಬಿಟ್ಟು ಕೂರುತ್ತದೆ ಎಂದು ಹೆಂಡತಿ ಟೇಪ್ ಹಿಡಿದು ಅಳೆದಿದ್ದಳು. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ, ಮೂರು ಜನ ಪಕ್ಕಪಕ್ಕ ಕೂರಬಹುದು. ನಾವಿಬ್ಬರೂ, ಕಾಲೇಜಿಗೆ ಹೊರಟಿದ್ದ ಮಗಳೂ ಹಾಗೆ ಕೂತು ಒಂದು ಸುತ್ತು ಹೋಗಿ ಬಂದೆವು. ಮಗಳು ಮಧ್ಯದಲ್ಲಿ ಕೂತು "ಅಪ್ಪಾ, ದಿಸ್ ಒನ್. ಇದೇ ಬೇಕು" ಎಂದಳು. ದಿನಾ ಆಫೀಸಿಗೆ, ಕಾಸ್ಟ್‌ಕೊ ಅಂಗಡಿಗೆ ಓಡಿಸಬೇಕಾದವನು ನಾನು. ನನಗೂ ನೀಲಿಯದೇ ಬೇಕಾಗಿತ್ತು.

ಬಿಳಿಯದನ್ನು ಯುಗಾದಿಯ ಸಾಮಾನು ವಾಪಸ್ ತರುವಾಗಲೇ ಪರೀಕ್ಷೆ ಮಾಡಿದ್ದೆವು, ದೂರು ಇರಲಿಲ್ಲ. ನೀಲಿಯದನ್ನು ಪಿಕ್‌ನಿಕ್ಕಿನ ಹಿಂದಿನ ವಾರ, ಒಂದು ಶನಿವಾರ, ಡೀಲರ್ ಅರ್ಧ ದಿನಕ್ಕೆ ಕೊಟ್ಟ. ನಾನು ಸ್ಟರ್ಲಿಂಗಿಗೆ ಹೋಗುವಷ್ಟರಲ್ಲಿ ಅಂಕಲ್ ಎಲ್ಲ ತುಂಬಿಸಿ ಬಾಗಿಲು ಹಾಕಿಬಿಟ್ಟಿದ್ದರು. ಗ್ರೈಂಡರಿಗೆ ಅವರೇ ಚಕ್ರ ಕೂರಿಸಿದ್ದರು. ಅಕ್ಕಿ ಮೂಟೆಗಳನ್ನು ಪಕ್ಕದ ಮನೆಯವರ ಕೈಲಿ ಹೊರಿಸಿದ್ದರಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫ್ಲಾಸ್ಕ್ ಹಿಡಿದು, ಮದುವೆಗೆ ಹೊರಟವರ ಹಾಗೆ ನಿಂತಿದ್ದರು.

ರೂಟ್ ಸೆವೆನ್‌ನಲ್ಲಿ ಪಶ್ಚಿಮಕ್ಕೆ ಹೊರಟೆವು. ವೇಗ ಐವತ್ತು ಮೈಲಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ಟ್ರಕ್ಕಿನ ಸೊಂಟ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪಕ್ಕದ ಲೇನಿನವನು ಹಾರ್ನ್ ಹೊಡೆದು ದೂರ ಸರಿದ.

"ಬ್ರೇಕ್ ಒತ್ತಬೇಡ! ಆಕ್ಸಿಲರೇಟರ್ ಬಿಡು. ಟ್ರೇಲರ್ ಬ್ರೇಕ್ ಮಾತ್ರ, ಕೈಯಲ್ಲಿ, ಮೆತ್ತಗೆ" ಎಂದರು ಅಂಕಲ್. ದನಿಯಲ್ಲಿ ಒಂಚೂರೂ ನಡುಕವಿಲ್ಲ. ಹೇಳಿದಂತೆ ಮಾಡಿದೆ. ಬಾಲ ನಿಧಾನಕ್ಕೆ ತಣ್ಣಗಾಯಿತು. ನಮ್ಮಿಬ್ಬರ ಜೀವ ಆವತ್ತು ಉಳಿದದ್ದು ಅವರ ಆ ಮಾತಿನಿಂದ.

ಮೊದಲು ಸಿಕ್ಕಿದ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಅಂಕಲ್ ರೆಸ್ಟ್‌ರೂಮಿಗೆ ಹೋದರು. ನಾನು ಹಿಂದೆ ಹೋಗಿ ಟ್ರೇಲರಿನ ಬಾಗಿಲು ತೆರೆದೆ.

ಗ್ರೈಂಡರ್ ಬಾಗಿಲಿಗೆ ಆತುಕೊಂಡು ನಿಂತಿತ್ತು. ಪಕ್ಕದಲ್ಲೇ ಅಕ್ಕಿ ಮೂಟೆಗಳು, ಕೊಪ್ಪರಿಗೆಗಳು. ಮುಂಭಾಗದಲ್ಲಿ ಖಾಲಿ ಜಾಗ, ಅಲ್ಲೊಂದು ಕಾಫಿ ಡಬ್ಬ. ನನಗೆ ತಕ್ಷಣ ಅರ್ಥವಾಯಿತು. ಪಿಕ್‌ನಿಕ್ಕಿಗೆ ಆಂಬೊಡೆ ಮಾಡಬೇಕೆಂದು ತೀರ್ಮಾನವಾಗಿತ್ತು. ಹೋದ ತಕ್ಷಣ ಕಡಲೆಬೇಳೆ ರುಬ್ಬಬೇಕು, ಆದ್ದರಿಂದ ಗ್ರೈಂಡರ್ ಮೊದಲು ಇಳಿಯಬೇಕು. ಇಪ್ಪತ್ತು ವರ್ಷ ಯಾವ ಲೆಕ್ಕದ ವಿರುದ್ಧ ಜಗಳವಾಡಿದ್ದರೋ, ಅದೇ ಅಡುಗೆಯವರ ಲೆಕ್ಕದಲ್ಲಿ ಅಂಕಲ್ ತುಂಬಿಸಿದ್ದರು. ಅವರ ಪಾಠ ಅವರಿಗೇ ಮರೆತುಹೋಗಿತ್ತು. ರಸ್ತೆಯ ಮೇಲೆ ಆಗಿದ್ದಕ್ಕಿಂತ ಹೆಚ್ಚು ಭಯ ಅಲ್ಲಿ ಆಯಿತು.

ಗ್ರೈಂಡರನ್ನು ಮುಂದಕ್ಕೆ ತಳ್ಳಿ ಪಟ್ಟಿ ಬಿಗಿದೆ, ಮೂಟೆಗಳನ್ನು ಎಳೆದು ಅದರ ಪಕ್ಕಕ್ಕೆ ಹಾಕಿದೆ, ಬಾಗಿಲು ಮುಚ್ಚಿ ಏನೂ ಆಗದವನ ಹಾಗೆ ಟೈರು ಒದೆಯುತ್ತಾ ನಿಂತೆ. ವಾಪಸ್ ಒಳದಾರಿಯಲ್ಲಿ ಮೆಲ್ಲಗೆ ಬಂದೆವು. ಟ್ರೇಲರ್ ಹಸುವಿನ ಹಾಗೆ ಹಿಂಬಾಲಿಸಿತು.

"ಈಗ ಸರಿ ಹೋಯ್ತಲ್ಲಯ್ಯಾ?" ಎಂದರು ಅಂಕಲ್.

"ನಿಧಾನ ಹೋಗ್ತಿದೀನಲ್ಲ ಅಂಕಲ್, ಅದಕ್ಕೆ" ಎಂದೆ.

ಮನೆ ಮುಂದೆ ಆಂಟಿಯೂ ಕಾರ್ಯದರ್ಶಿಯೂ ನಿಂತಿದ್ದರು. ಪಿಕ್‌ನಿಕ್ಕಿನ ಸಾಮಾನಿನ ಪಟ್ಟಿ ನೋಡಲು ಬಂದಿದ್ದನಂತೆ. "ಹೇಗಿತ್ತು ಸರ್ ಟೆಸ್ಟು?" ಎಂದ. ಅಂಕಲ್ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಈ ಗಾಡಿ ಆಗಲ್ಲ. ಹಿಂದೆ ಲೋಡ್ ಇದ್ರೆ ಕಂಟ್ರೋಲ್ ಇಲ್ಲ, ಓಲಾಡುತ್ತೆ. ಬಿಳೀದೇ ಸರಿ."

ಅಂಕಲ್ ನನ್ನನ್ನೇ ನೋಡಿದರು. "ಹೌದು, ಬಿಳೀದೇ ತಗೋ" ಎಂದು ಒಳಗೆ ಹೋದರು.

ಹೀಗೆ ನಿರಪರಾಧಿಯಾದ ಆ ನೀಲಿ ಗಾಡಿಯ ಮೇಲೆ ತಪ್ಪು ಹೊರಿಸಿ, ಗ್ಯಾರೇಜಿಗೆ ಹಿಡಿಸದ ಈ ಬಿಳಿ ಗಾಡಿಯನ್ನು ಮನೆಗೆ ತಂದೆ. ಮಗಳು ಎರಡು ದಿನ ಮಾತು ಬಿಟ್ಟಳು. ಹೆಂಡತಿಗೂ ನಿಜ ಹೇಳಲಿಲ್ಲ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ಅವಳಿಗೂ ಗೊತ್ತು.

ಆಮೇಲಿನ ಎರಡು ವರ್ಷವನ್ನು ಈಗ ನೆನೆದರೆ ಎದೆ ತುಂಬಿ ಬರುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ನಾನು ಬೇಗನೆ ಹೋಗಿ ಲೋಡಿಂಗಿಗೆ ಕೈ ಜೋಡಿಸುತ್ತಿದ್ದೆ. ಕಾವಲು ಕಾಯುವುದು ನನ್ನ ಉದ್ದೇಶ. ಬೇಕಾಗಲೇ ಇಲ್ಲ. ಅಂಕಲ್ ಒಂದು ಸಲವೂ ತಪ್ಪಲಿಲ್ಲ. ಪಾತ್ರೆಗಳ ಸದ್ದು ಹೆಚ್ಚಾಗುತ್ತದೆಂದು ಟ್ರೇಲರಿನ ಮುಂದಿನ ಗೋಡೆಗೆ ಮನೆಯ ಹಳೇ ಜಮಖಾನವೊಂದನ್ನು ಕೊಕ್ಕೆ ಹೊಡೆದು ನೇತುಹಾಕಿದ್ದರು. ತುಂಬಿಸುವ ಮೊದಲು ಒಬ್ಬರೇ ಒಳಗೆ ಹೋಗಿ ಅದರ ಅಂಚು ಎತ್ತಿ ಇಣುಕುತ್ತಿದ್ದರು. ತೇವ ಹಿಡಿದಿದೆಯೇ ನೋಡುತ್ತಾರೆ ಎಂದುಕೊಂಡಿದ್ದೆ. ಆಮೇಲೆ ಹೊರಗೆ ಬಂದು ಕೈ ತಟ್ಟಿ, "ಹೂಂ, ಗ್ರೈಂಡರ್ ಮೊದಲು!" ಎನ್ನುತ್ತಿದ್ದರು. ಕಾರ್ಯದರ್ಶಿಯೂ ಎದುರು ಮಾತಾಡದೆ ತಳ್ಳುತ್ತಿದ್ದ.

ಕೊನೆಗೆ ಆಂಟಿಯೊಬ್ಬರಿಗೇ ನೋಡಿಕೊಳ್ಳುವುದು ಕಷ್ಟವಾಯಿತು. ಅವರ ಮಗಳು ಜಾರ್ಜಿಯಾದ ಸುವಾನಿಯಲ್ಲಿದ್ದಾಳೆ. ಇಬ್ಬರೂ ಅಲ್ಲಿಗೇ ಹೋಗುವುದೆಂದಾಯಿತು. ಕೂಟದ ಪಾತ್ರೆಗಳನ್ನು ಇಳಿಸಿ, ಅದೇ ಟ್ರೇಲರಿನಲ್ಲಿ ಅವರ ಮನೆಯ ಸಾಮಾನು ತುಂಬಿದೆವು. ಆ ದಿನ ಅಂಕಲ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರಷ್ಟೆ. ಬೀರುವನ್ನು ಜಮಖಾನಕ್ಕೆ ಒರಗಿಸಿ ಮುಂದೆ ಇಟ್ಟವನು ನಾನು.

ಆಂಟಿ ವಿಮಾನದಲ್ಲಿ ಹೋದರು. ಅಂಕಲ್ ಹಟ ಹಿಡಿದು ನನ್ನ ಜೊತೆ ಟ್ರಕ್ಕಿನಲ್ಲಿ ಕೂತರು. ಇಡೀ ದಿನದ ದಾರಿ. ನಾರ್ತ್ ಕ್ಯಾರೊಲೈನಾದಲ್ಲಿ ಚಪಾತಿ ಸುರುಳಿ ತಿಂದೆವು. ಸೌತ್ ಕ್ಯಾರೊಲೈನಾದಲ್ಲಿ ಅವರು "ನಿಮ್ಮ ತಂದೆ ಹೇಗಿದಾರೆ?" ಎಂದು ಮೂರು ಸಲ ಕೇಳಿದರು, ಚೆನ್ನಾಗಿದ್ದಾರೆ ಎಂದು ಮೂರು ಸಲ ಹೇಳಿದೆ. ಕನ್ನಡಿಯಲ್ಲಿ ಟ್ರೇಲರನ್ನು ಮಾತ್ರ ಅವರು ಬಿಡದೆ ಗಮನಿಸುತ್ತಿದ್ದರು.

ಮರುದಿನ ಸುವಾನಿಯಲ್ಲಿ ಸಾಮಾನು ಇಳಿಸಿ ಮುಗಿಯುತ್ತಿದ್ದಂತೆ ಆಂಟಿ, "ಆ ಜಮಖಾನ ನಮ್ಮ ತಾಯಿ ಮನೇದು ಕಣಪ್ಪಾ, ಅದನ್ನೂ ಬಿಚ್ಚಿ ಕೊಟ್ಬಿಡು" ಎಂದರು. ಖಾಲಿ ಟ್ರೇಲರಿನೊಳಗೆ ಹೋಗಿ ಅದನ್ನು ಕೊಕ್ಕೆಯಿಂದ ತೆಗೆದೆ.

ಗೋಡೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಕನ್ನಡದ ಅಕ್ಷರಗಳಿದ್ದವು. ಸಾಲುಗಳು ಸ್ವಲ್ಪ ಓರೆಯಾಗಿದ್ದವು.

"ಗ್ರೈಂಡರ್ ಮೊದಲು. ಇಲ್ಲಿ. ಅಕ್ಕಿ ಅದರ ಪಕ್ಕ. ಕೊಪ್ಪರಿಗೆ ಆಮೇಲೆ. ಬಾಗಿಲ ಹತ್ತಿರ ಕಾಫಿ ಡಬ್ಬ ಮಾತ್ರ."

ಅದರ ಕೆಳಗೆ ಒಂದು ಗೆರೆ ಎಳೆದು ಚಿಕ್ಕದಾಗಿ ಬರೆದಿದ್ದರು. "ನೀಲಿ ಗಾಡಿ ತಪ್ಪಲ್ಲ. ನನ್ನ ತಪ್ಪು. ಅವನು ಯಾರಿಗೂ ಹೇಳಲಿಲ್ಲ."

ಆ ಶನಿವಾರ ಮನೆಗೆ ಬಂದು ಬಾಗಿಲು ತೆರೆದವರಿಗೆ ಗ್ರೈಂಡರ್ ಜಾಗ ಬದಲಾಗಿದ್ದು ಕಾಣದೆ ಇರುತ್ತದೆಯೇ? ನಾನೇ ದೊಡ್ಡ ಜಾಣ ಅಂದುಕೊಂಡಿದ್ದೆ. ಎರಡು ವರ್ಷ ನಾನು ಅವರನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ಅವರು ಜಮಖಾನದ ಅಂಚು ಎತ್ತಿ ಎತ್ತಿ, ತಮ್ಮನ್ನೂ ನನ್ನ ಸುಳ್ಳನ್ನೂ ಕಾದುಕೊಂಡಿದ್ದರು. ಟ್ರೇಲರಿನೊಳಗೆ ಕೂತು ಅತ್ತೆ. ಆಮೇಲೆ ಜಮಖಾನವನ್ನು ಅದೇ ಕೊಕ್ಕೆಗೆ ಹಾಕಿ, ಇದು ಇಲ್ಲೇ ಇರಲಿ ಎಂದು ಆಂಟಿಯನ್ನು ಕೇಳಿಕೊಂಡೆ.

ಹೊರಗೆ ಅಂಕಲ್ ತಮ್ಮ ಮಗಳನ್ನು ಕರೆದು ಬಿಳಿ ಟ್ರಕ್ಕಿನ ಬಾನೆಟ್ ತಟ್ಟುತ್ತಾ ಹೇಳುತ್ತಿದ್ದರು. "ಎರಡು ಗಾಡಿ ನೋಡಿದ್ವಿ. ಇದನ್ನ ಸೆಲೆಕ್ಟ್ ಮಾಡಿಕೊಟ್ಟಿದ್ದು ನಾನೇ." ನನ್ನ ಕಡೆ ತಿರುಗಿದರು. "ಇನ್ನೊಂದು ಯಾವ ಬಣ್ಣದ್ದಯ್ಯಾ?"

"ನೆನಪಿಲ್ಲ ಅಂಕಲ್" ಎಂದೆ. "ಇದನ್ನ ಮಾತ್ರ ನೀವೇ ಆರಿಸಿದ್ದು."