ಪೆರಾಗಿಯಾಳ ಹೊಲದ ಸರದಿ

ಕಬಾಲೆಯ ಬೆಟ್ಟದಲ್ಲಿ ಆಲೂಗಡ್ಡೆ ಹೊಲದ ಕಳೆ ಕೀಳುವುದರಲ್ಲಿ ಪೆರಾಗಿಯಾಳನ್ನು ಮೀರಿಸಿದವರಿರಲಿಲ್ಲ. ಬೇರೆ ಹೆಂಗಸರು ಗರಿಕೆಯ ತಲೆ ಕತ್ತರಿಸಿ ಮುಂದೆ ಸರಿದರೆ, ಇವಳು ಮಣ್ಣು ಸಡಿಲಿಸಿ, ಬೆರಳು ಇಳಿಸಿ, ಬಿಳೀ ಬೇರನ್ನು ತುಂಡಾಗದಂತೆ ನೂಲೆಳೆದ ಹಾಗೆ ಎಳೆಯುತ್ತಿದ್ದಳು.

ಅವರದು ಆರು ಹೆಂಗಸರ ಕೂಟ. ಒಬ್ಬೊಬ್ಬರ ಹೊಲಕ್ಕೆ ಎರಡೆರಡು ದಿನ, ಎಲ್ಲರೂ ಕೂಡಿ ಕಳೆ ತೆಗೆಯುವುದು. ಆ ವರ್ಷ ಮೊದಲ ಸರದಿ ಪೆರಾಗಿಯಾಳದು, ಕೊನೆಯದು ಪಕ್ಕದ ಹೊಲದ ಕೆಡ್ರೆಸ್‌ಳದು. ಕೆಲಸ ಶುರುವಾಗುವ ಹಿಂದಿನ ದಿನ ತುಂಬುಬಸುರಿ ಕೆಡ್ರೆಸ್ ಏದುಸಿರು ಬಿಡುತ್ತಾ ಬಂದಳು.

"ಅಕ್ಕಾ, ನಿನ್ನ ಸರದಿ ನಂಗೆ ಕೊಡು. ಇನ್ನೊಂದು ವಾರಕ್ಕೆ ಹೆರಿಗೆ. ಆಮೇಲೆ ನನ್ನ ಹೊಲ ಯಾರು ನೋಡ್ತಾರೆ?"

"ತಗೋ ಮಾರಾಯ್ತಿ. ಹತ್ತು ದಿನಕ್ಕೆ ನನ್ನ ಹೊಲವೇನು ಓಡಿಹೋಗಲ್ಲ," ಎಂದಳು ಪೆರಾಗಿಯಾ.

ಐದು ಹೊಲ ಮುಗಿದವು. ಇವಳ ಸರದಿಯ ಬೆಳಿಗ್ಗೆ ಹಿಡಿದ ಮಳೆ ಎಂಟು ದಿನ ಬಿಡಲಿಲ್ಲ. ಬಿಟ್ಟಾಗ ಉಳಿದವರ ಹೊಲದಲ್ಲೆಲ್ಲ ಗಿಡದ ಬುಡಕ್ಕೆ ಮಣ್ಣೇರಿಸುವ ಹೊತ್ತು ಬಂದಿತ್ತು. ಒಬ್ಬಳು ಅರ್ಧ ದಿನ ಬಂದಳು. ಇನ್ನೊಬ್ಬಳು ದೂರದಿಂದಲೇ ಕೈ ಮುಗಿದಳು. ಹೆತ್ತು ಮಲಗಿದ್ದ ಕೆಡ್ರೆಸ್‌ಳ ಮನೆಯಲ್ಲಿ ಗಟ್ಟಿಮುಟ್ಟಾದ ನಾದಿನಿ ಇದ್ದಳು. ಪೆರಾಗಿಯಾ ಹೋಗಿ ಅವಳನ್ನು ಕಳಿಸೆಂದು ಕೇಳಿದ್ದಕ್ಕೆ, "ಮಗೂನ ಯಾರು ಎತ್ಕೋತಾರಕ್ಕಾ? ಇನ್ನೊಂದು ವಾರ ತಡಕೋ," ಅಂದಳು ಕೆಡ್ರೆಸ್.

ಗರಿಕೆ ತಡೆಯಲಿಲ್ಲ. ಗಿಡಕ್ಕಿಂತ ಎತ್ತರ ಎದ್ದಿತು. ಪೆರಾಗಿಯಾ ಒಬ್ಬಳೇ ಹದಿನಾರು ದಿನ ಬಗ್ಗಿ ಕಿತ್ತಳು. ಆಗಲೇ ಗೆಡ್ಡೆ ಕಟ್ಟಲು ಶುರುವಾಗಿತ್ತು. ಗುದ್ದಲಿ ಹಾಕಿದಲ್ಲೆಲ್ಲ ಕಳೆಯ ಜೊತೆಗೆ ಗಿಡದ ಎಳೇ ಬೇರೂ ಕಿತ್ತುಬರುತ್ತಿತ್ತು. ಅಗೆದಾಗ ಸಿಕ್ಕಿದ್ದು ಪಾರಿವಾಳದ ಮೊಟ್ಟೆಯಷ್ಟು ಗಾತ್ರದ ಗೆಡ್ಡೆಗಳು. ಬಿತ್ತನೆಗೆ ಎತ್ತಿಡಲೂ ಬಾರದೆ ಬೇಯಿಸಿ ತಿಂದರು.

ಅವಳ ಗಂಡ ಬಫಾಕಿ ತನ್ನ ತಟ್ಟೆ ನೋಡಿ ನಕ್ಕ. "ಊರ ಹೊಲಕ್ಕೆಲ್ಲ ದೊರೆಸಾನಿ, ಸ್ವಂತ ಹೊಲದಲ್ಲಿ ಹುಲ್ಲು ಬೆಳೆದ್ಲು. ಒಂದು ಹಸು ಕಟ್ಟೋಣ್ವೇನೆ?"

ಅವಳು ಅನ್ನಬೇಕಾದ ಮಾತು ಇದ್ದದ್ದು ಕೆಡ್ರೆಸ್‌ಗೆ, ಅವನಿಗಲ್ಲ.

ಮುಂದಿನ ಮಳೆಗಾಲಕ್ಕೆ ಕೆಡ್ರೆಸ್‌ಳ ಗಂಡ ಬೆನ್ನಿಗೆ ಕಟ್ಟಿ ಕಳೆ ಔಷಧಿ ಹೊಡೆಯುವ ಡಬ್ಬಿ ತಂದ. ಆಲೂಗಡ್ಡೆ ಮೊಳೆಯುವ ಮೊದಲೇ ಹೊಡೆದ, ಅಗಲ ಎಲೆಯ ಕಳೆಯೆಲ್ಲ ಮೂರೇ ದಿನಕ್ಕೆ ಸುಟ್ಟು ಕರಕಲಾಯಿತು. ಉಳಿದ ನಾಲ್ವರೂ ತಮ್ಮ ಹೊಲಕ್ಕೆ ಅವನ ಕೈಯಲ್ಲೇ ಔಷಧಿ ಹೊಡೆಸಿಕೊಂಡರು. ಕೂಟ ಮುರಿಯಿತು ಎಂದು ಯಾರೂ ಹೇಳಲಿಲ್ಲ, ಯಾರೂ ಕರೆಯಲೂ ಇಲ್ಲ. ಪೆರಾಗಿಯಾಳ ಹತ್ತಿರ ಆ ಮಳೆಗಾಲಕ್ಕೆ ಬಿತ್ತನೆ ಗೆಡ್ಡೆಯೇ ಇರಲಿಲ್ಲ.

ಆದರೆ ಆ ಔಷಧಿಗೆ ಗರಿಕೆ ಜಗ್ಗಲಿಲ್ಲ. ಪೈಪೋಟಿಗಿದ್ದ ಬೇರೆ ಕಳೆ ಸತ್ತಮೇಲೆ ಇನ್ನೂ ಹುಲುಸಾಗಿ ಹಬ್ಬಿತು. ಕೆಡ್ರೆಸ್ ಮತ್ತೆ ಬಂದಳು, ಈ ಸಲ ಕಂಕುಳಲ್ಲಿ ಮಗು.

"ನಿನ್ನ ಕೈಯೇ ಬೇಕಕ್ಕಾ. ಸುಮ್ನೆ ಅಲ್ಲ, ಒಂದು ಬುಟ್ಟಿ ಬಿತ್ತನೆ ಗೆಡ್ಡೆ ಕೊಡ್ತೀನಿ."

"ಕೂಲಿಗೆ ಕರೀತಿದ್ದೀಯಾ?"

"ಹಂಗೆ ಯಾಕಂತೀಯ? ನಾವೇನು ಪರಕೀಯರಾ?"

ಬಿತ್ತನೆ ಬೇಕಿತ್ತು. ಪೆರಾಗಿಯಾ ಹೋದಳು. ಕೆಡ್ರೆಸ್ ಬದುವಿನ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು, ಸಾಲಿಗೆ ಇಳಿಯಲಿಲ್ಲ. ಮೊದಲ ಸಾಲಿನಲ್ಲಿ ಪೆರಾಗಿಯಾ ಬೇರನ್ನು ಬೇಕೆಂದೇ ಚೂರುಚೂರು ಮಾಡಿ ಮಣ್ಣೊಳಗೇ ಮುಚ್ಚಿದಳು. ಒಂದೊಂದು ಚೂರೂ ಒಂದೊಂದು ಬುಡವಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಎದೆಯೊಳಗೆ ಹಿತವಾಯಿತು. ಎರಡನೆಯ ಸಾಲಿನಲ್ಲೂ ಹಾಗೇ ಮಾಡಿದಳು. ಮೂರನೆಯದರಲ್ಲಿ ಕೈ ತಾನಾಗಿ ಹಳೆಯ ಹದಕ್ಕೆ ತಿರುಗಿತು. ಉಳಿದ ಹೊಲವನ್ನೆಲ್ಲ ಶುಚಿಯಾಗಿ ಕಿತ್ತುಕೊಟ್ಟು, ಬುಟ್ಟಿ ಹೊತ್ತು ಮನೆಗೆ ಬಂದಳು. ಹಾಳುಮಾಡಿದ್ದರಲ್ಲೂ ಮನಸ್ಸಿಗೆ ಸಮಾಧಾನವಿಲ್ಲ, ಶುಚಿಯಾಗಿ ಕಿತ್ತದ್ದರಲ್ಲೂ ಇಲ್ಲ.

ತಿಂಗಳಲ್ಲಿ ಆ ಎರಡೇ ಸಾಲು ಹಸುರು ಗೋಡೆಯಂತೆ ಎದ್ದವು. ಕೆಡ್ರೆಸ್‌ಗೆ ಅರ್ಥವಾಯಿತು. ಜಗಳಕ್ಕೆ ಬರಲಿಲ್ಲ. ನೀರಿನ ಹಾದಿಯಲ್ಲಿ ಸಿಕ್ಕಾಗ "ಚೆನ್ನಾಗಿದ್ದೀಯಾ ಅಕ್ಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದಳು. ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಅದರ ಮುಂದಿನ ಮಳೆಗಾಲಕ್ಕೆ ಪೆರಾಗಿಯಾ ಆ ಬುಟ್ಟಿಯ ಗೆಡ್ಡೆಗಳನ್ನು ತನ್ನ ಮೂರು ಹಂತದ ಹೊಲದಲ್ಲಿ ಮೇಲಿನ ಒಂದರಲ್ಲೇ ಊರಿದಳು. ಒಬ್ಬಳ ಕೈಗೆ ಅಷ್ಟೇ ಆಗುತ್ತಿತ್ತು. ಕೆಳಗಿನ ಎರಡನ್ನೂ ಗರಿಕೆಗೆ ಬಿಟ್ಟಳು.